ಹಸುಳೆಯ ಬೆಳವಣಿಗೆ ತಡವಾದರೆ: ಗುಜರಾತಿನ ಕನ್ನಡ ಮನೆಗಳಿಗೆ

ಉದ್ಯೋಗನಿಮಿತ್ತವಾಗಿ ಅಹಮದಾಬಾದು, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಗುವಿನ ಮಾತೋ ನಡಿಗೆಯೋ ತಡವಾದಾಗ, ಊರಿನಿಂದ ಫೋನಿನಲ್ಲಿ ಬರುವ ಮೊದಲ ಸಮಾಧಾನವೆಂದರೆ 'ಅವರಪ್ಪನೂ ತಡವಾಗಿಯೇ ಮಾತಾಡಿದ್ದು, ಬಿಡು' ಎಂಬುದು. ವಾತ್ಸಲ್ಯದಿಂದಲೇ ಹುಟ್ಟಿದ ಈ ಮಾತು, ಮಿದುಳು ಅತಿವೇಗವಾಗಿ ರೂಪುಗೊಳ್ಳುವ ಮೊದಲ ಮೂರು ವರ್ಷಗಳನ್ನು ವ್ಯರ್ಥವಾಗಿ ಕಳೆಯಿಸಬಲ್ಲುದಾದ್ದರಿಂದ, ಅದನ್ನು ನಂಬಿ ಕುಳಿತುಕೊಳ್ಳುವುದು ಹಿತವಲ್ಲ.

ಪ್ರಥಮತಃ ಮಾಡತಕ್ಕದ್ದು ಅವಲೋಕನ. 3 ತಿಂಗಳಾದರೂ ಮುಖ ನೋಡಿ ನಗದಿದ್ದರೆ, 5 ತಿಂಗಳಾದರೂ ಕತ್ತು ನಿಲ್ಲದಿದ್ದರೆ, 9 ತಿಂಗಳಾದರೂ ಆಧಾರವಿಲ್ಲದೆ ಕೂರದಿದ್ದರೆ, 16 ತಿಂಗಳಿಗೂ ಒಂದು ಪದವನ್ನಾಡದಿದ್ದರೆ, 18 ತಿಂಗಳಿಗೂ ನಡೆಯದಿದ್ದರೆ ವೈದ್ಯರನ್ನು ಕಾಣಬೇಕು. ಬಂದ ಮಾತು ಹೊರಟುಹೋದರಂತೂ ಯಾವ ವಯಸ್ಸಿನಲ್ಲಾದರೂ ಒಂದು ವಾರವನ್ನೂ ಕಾಯಬಾರದು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಮಾತ್ರ 2 ವರ್ಷದವರೆಗೆ ಲೆಕ್ಕ ಬೇರೆ: ಎರಡು ತಿಂಗಳು ಮುಂಚೆ ಹುಟ್ಟಿದ್ದರೆ, 8ನೆಯ ತಿಂಗಳಿನಲ್ಲಿ ಅದನ್ನು 6 ತಿಂಗಳ ಶಿಶುವೆಂದೇ ಎಣಿಸಬೇಕು.

ಅನಂತರ ಎಲ್ಲಿಗೆ ಹೋಗುವುದು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ ಬರಬೇಕೆಂಬುದು ನಿಯಮವಾದರೂ, ಅವರ ದಾರಿ ಕಾಯುವ ಬದಲು ಅಹಮದಾಬಾದಿನ ಅಸಾರ್ವಾದ ಸಿವಿಲ್ ಆಸ್ಪತ್ರೆ, ವಡೋದರಾದ ಸಯಾಜಿರಾವ್ ಆಸ್ಪತ್ರೆ, ಸೂರತ್ತಿನ ನ್ಯೂ ಸಿವಿಲ್ ಅಥವಾ ಸ್ಮೀಮರ್, ಇವುಗಳಲ್ಲೊಂದರ ಮಕ್ಕಳ ವಿಭಾಗದಲ್ಲಿ ಕೇಸ್ ಪೇಪರ್ ಮಾಡಿಸಿ, ಬೆಳವಣಿಗೆಯ ತೊಂದರೆಗೆ ಬೇಗನೆ ಚಿಕಿತ್ಸೆ ಕೊಡುವ ಜಿಲ್ಲಾ ಕೇಂದ್ರಕ್ಕೆ (ಡಿ.ಇ.ಐ.ಸಿ.) ಬರೆದುಕೊಡಿರೆಂದು ಕೇಳುವುದು ಮೇಲು. ಅಹಮದಾಬಾದಿನವರಿಗೆ ಆಶ್ರಮ ರಸ್ತೆಯ ಬಿ.ಎಂ. ಮಾನಸಿಕ ಆರೋಗ್ಯ ಸಂಸ್ಥೆಯೂ ಉಂಟು. ಹೆರಿಗೆಯ ಡಿಸ್ಚಾರ್ಜ್ ಕಾಗದ, ತಾಯಿ-ಮಗುವಿನ ಆರೋಗ್ಯದ ದಾಖಲೆಯಾದ ಮಮತಾ ಕಾರ್ಡು ಜೊತೆಗಿರಲಿ. ಮನೆಯಲ್ಲಿ ಮಗು ಆಡುತ್ತಿರುವಾಗ ಮೊಬೈಲಿನಲ್ಲಿ ತೆಗೆದ ಎರಡು ನಿಮಿಷದ ಚಿತ್ರವೂ ಇರಲಿ, ಏಕೆಂದರೆ ಆಸ್ಪತ್ರೆಯಲ್ಲಿ ಮಕ್ಕಳು ಅಳುವುದನ್ನು ಬಿಟ್ಟು ಬೇರೇನನ್ನೂ ಪ್ರದರ್ಶಿಸುವುದಿಲ್ಲ.

ಮಾತಿನ ತೊಂದರೆಯಾದರೆ ಮೊದಲು ಕಿವಿ ಕೇಳಿಸುವುದನ್ನು ಅಳೆಯುವ ಬೇರಾ ಪರೀಕ್ಷೆ. ಬಾಗಿಲು ಬಡಿದರೆ ತಿರುಗುವ ಮಗುವಿಗೂ ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸದಿರಬಹುದು.

ಬೆಳವಣಿಗೆಯನ್ನಳೆಯಲು ದೇಶದಲ್ಲೆಲ್ಲ ಬಳಸುವ 'ದಾಸಿ' ಎಂಬ ಮಾಪನವು ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಪ್ರಮೀಳಾ ಫಾಟಕ್ ಅವರು ಶಿಶುಗಳನ್ನು ಪರೀಕ್ಷಿಸಿ ನಡೆಸಿದ ಕಾರ್ಯದ ಫಲ. ಚಲನೆಗೆ 67, ಬುದ್ಧಿಗೆ 163 ಅಂಶಗಳಿರುವ ಈ ಪರೀಕ್ಷೆ 30 ತಿಂಗಳವರೆಗಿನವರಿಗೆ. ಇಲ್ಲಿ ಕನ್ನಡ ತಾಯಿಯೊಬ್ಬಳು ಎಚ್ಚರದಿಂದಿರಬೇಕಾದುದುಂಟು: ಪರೀಕ್ಷಕರು ಗುಜರಾತಿಯಲ್ಲಿ 'ನಾಕ್ ಕ್ಯಾಂ ಛೆ?' ಎಂದು ಕೇಳಿದರೆ ಸುಮ್ಮನಿರುವ ಕೂಸು, 'ಮೂಗೆಲ್ಲಿ ಪುಟ್ಟಾ?' ಎಂದೊಡನೆ ಮುಟ್ಟಿ ತೋರಿಸಬಹುದು. ಮಗುವಿಗೆ ತಿಳಿಯುವ ಕನ್ನಡ ಪದಗಳ ಪಟ್ಟಿಯನ್ನು ಬರೆದೊಯ್ದು, ಅಂಥ ಪ್ರಶ್ನೆಗಳನ್ನು ತಾವೇ ಕೇಳಲು ಅನುಮತಿ ಬೇಡಿರಿ.

'ಮನೆಯಲ್ಲಿ ಕನ್ನಡ ನಿಲ್ಲಿಸಿ, ಹಿಂದಿಯೊಂದೇ ಸಾಕು' ಎಂಬ ಸಲಹೆ ಯಾರಿಂದ ಬಂದರೂ ಅದನ್ನು ಒಪ್ಪಬೇಕಾಗಿಲ್ಲ. ಎರಡು ಭಾಷೆ ಕೇಳುವುದರಿಂದ ಬೆಳವಣಿಗೆ ಕುಂಠಿತವಾಗುವುದಿಲ್ಲ, ತಾಯಿಗೆ ಸರಾಗವಾಗಿ ಬರುವ ಭಾಷೆಯಲ್ಲಿಯೇ ಮಗುವಿಗೆ ಹೆಚ್ಚು ಮಾತು ದೊರೆಯುತ್ತದೆ. ಚಿಕಿತ್ಸಕರು ಕಲಿಸುವುದನ್ನು ಅವರೆದುರಿಗೇ ಒಮ್ಮೆ ಮಾಡಿ ತೋರಿಸಿ, ಮನೆಯಲ್ಲಿ ಕನ್ನಡದಲ್ಲಿ ಮುಂದುವರಿಸಿರಿ. ಸ್ನಾನದ ಹೊತ್ತಿನಲ್ಲಿ ತುಂಬಿದ ಚೊಂಬನ್ನೆತ್ತಿ ಹಿಡಿದು 'ನೀರು ಹಾಕ್ಲಾ?' ಎಂದು ಕೇಳಿ, ಮನಸ್ಸಿನಲ್ಲಿಯೇ ಹತ್ತು ಎಣಿಸುವವರೆಗೆ ತಡೆಯಿರಿ. ಒಂದು ನೋಟವೋ, ಕೈಚಾಚುವಿಕೆಯೋ, 'ಊಂ' ಎಂಬ ಸ್ವರವೋ ಬಂದರೆ ಅದೇ ಉತ್ತರ, ಒಡನೆಯೇ 'ನೀರು' ಎಂದು ಹೇಳುತ್ತ ಸುರಿಯಿರಿ. ವಾರಕ್ಕೊಮ್ಮೆ ಅರ್ಧ ಗಂಟೆ ದೊರೆಯುವ ಚಿಕಿತ್ಸೆಗೆ, ದಿನವೂ ನಡೆಯುವ ಈ ಸಣ್ಣ ಆಟಗಳಿಂದಲೇ ಬಲ ಬರುವುದು. ರೋಗಕ್ಕೊಂದು ಹೆಸರು ನಿಶ್ಚಯವಾಗುವವರೆಗೆ ಇದನ್ನು ತಡೆಹಿಡಿಯಬೇಕಾದ ಕಾರಣವೇ ಇಲ್ಲ.

ಕೊನೆಗೆ ಕಾಗದಪತ್ರ. ನ್ಯೂನತೆಯು ದೃಢಪಟ್ಟರೆ, 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿರುವ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ವಯ ಪ್ರಮಾಣಪತ್ರವನ್ನೂ ಅಂಗವೈಕಲ್ಯದ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡನ್ನೂ ಪಡೆಯಿರಿ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಬಹುವೈಕಲ್ಯವಿದ್ದರೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ನೆರವಾಗುತ್ತದೆ. ಸೂರತ್ತಿನಲ್ಲಿ ಮಾಡಿಸಿದ ಯು.ಡಿ.ಐ.ಡಿ. ಕಾರ್ಡು, ನಾಳೆ ವರ್ಗವಾಗಿ ಹುಬ್ಬಳ್ಳಿಗೆ ಹಿಂದಿರುಗಿದರೂ ಅಲ್ಲಿಯೂ ಸಲ್ಲುತ್ತದೆ.