ಕಬಡ್ಡಿ ಅಂಕಣದಿಂದ ರಾಷ್ಟ್ರೀಯ ಫೆಡರೇಷನ್‌ವರೆಗೆ
ಪುತ್ತೂರು, ಸುಳ್ಯ, ಕಡಬದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳಲ್ಲಿ ಗೆದ್ದ ಟ್ರೋಫಿಗೆ ಊರಲ್ಲಿ ದೊಡ್ಡ ಮರ್ಯಾದೆ. ಆದರೆ ಕ್ರೀಡಾ ಕೋಟಾದ ಅರ್ಜಿಗೆ ಬೇಕಾದದ್ದು ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರ. ಹಳ್ಳಿ ಆಟಗಾರರಿಗೆ ಇದನ್ನು ಮೊದಲೇ ತಿಳಿಸಬೇಕು.

ಇಂಥ ಸಂಸ್ಥೆಗಳ ಶ್ರೇಣಿ ಹೀಗಿದೆ: ಜಿಲ್ಲಾ ಸಂಸ್ಥೆ, ಅದರ ಮೇಲೆ ರಾಜ್ಯ ಸಂಸ್ಥೆ, ತುದಿಯಲ್ಲಿ ಭಾರತೀಯ ಅಮೆಚೂರ್ ಕಬಡ್ಡಿ ಫೆಡರೇಷನ್. ಇವು ಸರ್ಕಾರಿ ಇಲಾಖೆಗಳಲ್ಲ, ನೋಂದಾಯಿತ ಸಂಘಗಳು. ಕ್ರೀಡೆ ರಾಜ್ಯಪಟ್ಟಿಯ 33ನೇ ನಮೂದು. ಆದರೂ ರಾಷ್ಟ್ರೀಯ ಫೆಡರೇಷನ್‌ಗಳಿಗೆ ಮಾನ್ಯತೆ ಕೊಡುತ್ತಿದ್ದುದು ಕೇಂದ್ರ ಕ್ರೀಡಾ ಸಚಿವಾಲಯ, 2011ರ ರಾಷ್ಟ್ರೀಯ ಕ್ರೀಡಾ ಅಭಿವೃದ್ಧಿ ಸಂಹಿತೆಯಡಿ. ಪದಾಧಿಕಾರಿಗಳ ವಯೋಮಿತಿ 70, ಅಧ್ಯಕ್ಷರಿಗೆ ಗರಿಷ್ಠ 12 ವರ್ಷ ಎಂಬುದು ಅದರ ಮುಖ್ಯ ನಿಯಮವಾಗಿತ್ತು. ಕಬಡ್ಡಿ ಫೆಡರೇಷನ್‌ನ ಚುನಾವಣೆ ಈ ಸಂಹಿತೆಗೆ ವಿರುದ್ಧವೆಂದು 2018ರಲ್ಲಿ ದೆಹಲಿ ಹೈಕೋರ್ಟ್ ಪದಾಧಿಕಾರಿಗಳನ್ನು ಕೆಳಗಿಳಿಸಿ ಆಡಳಿತಾಧಿಕಾರಿಯನ್ನು ನೇಮಿಸಿತು. ಸರಿಯಾದ ತೀರ್ಪು, ಸಂಘಟನೆ ಯಾರ ಮನೆಯ ಆಸ್ತಿಯೂ ಅಲ್ಲ.

ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಗೆ 2025ರ ಆಗಸ್ಟ್ 18ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಇದರ ಪ್ರಕಾರ ಮಾನ್ಯತೆ ಕೊಡುವ ಅಧಿಕಾರ ರಾಷ್ಟ್ರೀಯ ಕ್ರೀಡಾ ಮಂಡಳಿಯದು. ವ್ಯಾಜ್ಯಗಳಿಗೆ ಕ್ರೀಡಾ ನ್ಯಾಯಮಂಡಳಿ. ಫೆಡರೇಷನ್‌ನ ಕಾರ್ಯಕಾರಿ ಸಮಿತಿಯಲ್ಲಿ ಗರಿಷ್ಠ 15 ಮಂದಿ, ಕನಿಷ್ಠ 4 ಮಹಿಳೆಯರು. ಸ್ಪರ್ಧಾತ್ಮಕ ಪರೀಕ್ಷೆಗಳ ಹಳೆಯ ಗೈಡ್‌ಗಳಲ್ಲಿ 2011ರ ಸಂಹಿತೆಯಷ್ಟೇ ಇರುತ್ತದೆ. 2025ರ ಕಾಯ್ದೆಯನ್ನೂ ತಪ್ಪದೆ ಓದಿಕೊಳ್ಳಿ.