ಹಣ ಬರುವ ತಾರೀಖು

‘ಈ ಕೆಲಸದಲ್ಲಿ ತಿಂಗಳಿಗೆ ಎಷ್ಟು ಸಿಗುತ್ತೆ ಅಣ್ಣಾ?’ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹುಡುಗರು ಫೋನ್ ಮಾಡಿದಾಗ ಮೊದಲು ಕೇಳುವುದು ಇದನ್ನೇ. ಹರದನಹಳ್ಳಿಯ ಮನೆಯಲ್ಲೇ ಒಂದು ಕೋಣೆ ಮಾಡಿಕೊಂಡು ಮೋಷನ್ ಗ್ರಾಫಿಕ್ಸ್ ಕೆಲಸದಿಂದ ಸಂಸಾರ ನಡೆಸುತ್ತಿರುವವನು ನಾನು. ಅಂಗಡಿಯ ಲೋಗೋಗೆ ಚಲನೆ ಕೊಡುವುದು, ಜಾಹೀರಾತಿನಲ್ಲಿ ಅಕ್ಷರ ಓಡಿಸುವುದು, ಮದುವೆಯ ಇನ್ವಿಟೇಶನ್ ವಿಡಿಯೊ, ಯೂಟ್ಯೂಬ್ ಚಾನೆಲ್ಲಿನ ಟೈಟಲ್, ಬೆಂಗಳೂರಿನ ಸ್ಟುಡಿಯೊಗಳು ಕಳಿಸುವ ಬಿಡಿ ಕೆಲಸಗಳು, ಇವು ನನ್ನ ದುಡಿಮೆ. ಹುಡುಗರಿಗೆ ನಾನು ತಿರುಗಿ ಕೇಳುವುದು ಒಂದೇ: ಎಷ್ಟು ಅನ್ನೋದು ಆಮೇಲೆ, ಯಾವ ತಾರೀಖಿಗೆ ಸಿಗುತ್ತೆ ಅಂತ ಗೊತ್ತಾ?

ಇದನ್ನು ನನಗೆ ಕಲಿಸಿದ್ದು ಅರಿಶಿನ ಬೆಳೆಯುವ ಮನೆ. ಮುಂಗಾರಿಗೆ ನೆಟ್ಟ ಅರಿಶಿನವನ್ನು ಕೀಳುವುದು ಸಂಕ್ರಾಂತಿ ಹತ್ತಿರ ಬಂದ ಮೇಲೆ. ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿಸಿ, ಈರೋಡಿನ ಮಾರುಕಟ್ಟೆಗೆ ಲಾರಿ ಹತ್ತಿಸುವ ಹೊತ್ತಿಗೆ ಬೇಸಿಗೆ. ವರ್ಷಕ್ಕೊಮ್ಮೆ ಬರುವ ಆ ದುಡ್ಡು ಕೈಗೆ ಬಂದ ದಿನವೇ ಅವ್ವ ಅದನ್ನು ಭಾಗ ಮಾಡುತ್ತಿದ್ದಳು. ಸೊಸೈಟಿ ಸಾಲಕ್ಕೆ ಇಷ್ಟು, ಸ್ಕೂಲಿಗೆ ಇಷ್ಟು, ಮುಂದಿನ ಬಿತ್ತನೆಗೆ ಇಷ್ಟು. ಉಳಿದದ್ದು ಮಾತ್ರ ಮನೆ ಖರ್ಚಿಗೆ. ಸಂಬಳದ ಮನೆಯಲ್ಲಿ ಬೆಳೆದವರಿಗೆ ಈ ಶಿಸ್ತು ಬೇಕಾಗುವುದಿಲ್ಲ. ಒಂದನೇ ತಾರೀಖು ಅವರ ಪರವಾಗಿ ಕೆಲಸ ಮಾಡುತ್ತದೆ. ಫ್ರೀಲ್ಯಾನ್ಸ್ ಮಾಡುವವನಿಗೆ ಒಂದನೇ ತಾರೀಖು ಅಂತ ಇಲ್ಲ. ಕೆಲಸ ಮುಗಿಸಿಕೊಟ್ಟ ದಿನಕ್ಕೂ ದುಡ್ಡು ಬರುವ ದಿನಕ್ಕೂ ನಡುವೆ ಇರುವ ಅಂತರವೇ ಈ ಕಸುಬಿನ ನಿಜವಾದ ಖರ್ಚು. ಕೆಲಸ ಇಲ್ಲದೆ ಕಂಪ್ಯೂಟರ್ ಮಾರಿದವರಿಗಿಂತ, ಬರಬೇಕಾದ ಹಣ ಸಮಯಕ್ಕೆ ಬಾರದೆ ಮಾರಿದವರನ್ನೇ ನಾನು ಹೆಚ್ಚು ನೋಡಿದ್ದೇನೆ.

ಮೊದಲು ದರದ ಮಾತು. ಬಹಳ ಮಂದಿ ಸೆಕೆಂಡಿಗೆ ಇಷ್ಟು ಅಂತ ಬೆಲೆ ಹೇಳುತ್ತಾರೆ. ನಾನು ದಿನದ ಲೆಕ್ಕ ಹಾಕುತ್ತೇನೆ. ಉದಾಹರಣೆಗೆ ಒಂದು ಸಣ್ಣ ಸಂಸಾರ ಇಟ್ಟುಕೊಳ್ಳೋಣ. ಮನೆ ಖರ್ಚು 24 ಸಾವಿರ, ಮುಂದಿನ ಕಂಪ್ಯೂಟರಿಗೆ ಎತ್ತಿಡಲು 4 ಸಾವಿರ, ಸಾಫ್ಟ್‌ವೇರ್, ಇಂಟರ್‌ನೆಟ್, ಕರೆಂಟಿಗೆ 5 ಸಾವಿರ, ಆರೋಗ್ಯ ವಿಮೆಗೆ 2 ಸಾವಿರ, ಉಳಿತಾಯಕ್ಕೆ 5 ಸಾವಿರ. ಒಟ್ಟು 40 ಸಾವಿರ. ತಿಂಗಳಲ್ಲಿ 25 ದಿನ ದುಡಿದರೂ ಬಿಲ್ ಹಾಕಬಹುದಾದ ದಿನಗಳು ಅರ್ಧದಷ್ಟೇ. ಮಿಕ್ಕಿದ್ದೆಲ್ಲ ಪಾರ್ಟಿಯ ಜೊತೆ ಮಾತು, ಕೊಟೇಶನ್, ಹೊಸದು ಕಲಿಯುವುದು, ದುಡ್ಡಿಗಾಗಿ ಫೋನ್ ಮಾಡುವುದರಲ್ಲಿ ಹೋಗುತ್ತದೆ. 40 ಸಾವಿರವನ್ನು 12 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 3,300 ರೂಪಾಯಿ. ಅದಕ್ಕಿಂತ ಕಡಿಮೆಗೆ ಒಪ್ಪಿದ ಪ್ರತಿ ಕೆಲಸಕ್ಕೂ ಮನೆಯ ಅರಿಶಿನದ ದುಡ್ಡು ಸೇರುತ್ತಿರುತ್ತದೆ, ಅಷ್ಟೇ. ಹಳ್ಳಿಯಲ್ಲಿ ಇದ್ದೀಯ, ಬಾಡಿಗೆ ಇಲ್ಲ, ರೇಟು ಕಡಿಮೆ ಮಾಡು ಅನ್ನುವವರಿಗೆ ಈ ಲೆಕ್ಕವನ್ನೇ ತೋರಿಸಬೇಕು. ಗ್ರಾಫಿಕ್ಸ್ ಕಾರ್ಡು ಹರದನಹಳ್ಳಿಗೆ ಅಂತ ಅಗ್ಗವಾಗಿ ಬರುವುದಿಲ್ಲ.

ಕನ್ನಡದ ಕೆಲಸಕ್ಕೆ ಇನ್ನೊಂದು ಖರ್ಚಿದೆ, ಬಹಳ ಜನ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪಾರ್ಟಿಗಳು ಕೊಡುವ ಮ್ಯಾಟರ್ ಈಗಲೂ ನುಡಿಯಲ್ಲೋ ಬರಹದಲ್ಲೋ ಟೈಪ್ ಆಗಿರುತ್ತದೆ. ಆ ಹಳೆಯ ಫಾಂಟುಗಳಲ್ಲಿ ಒತ್ತಕ್ಷರ ಬೇರೆಯೇ ಒಂದು ಅಚ್ಚು. ‘ಚಾಮರಾಜೇಶ್ವರ’ ಅನ್ನುವ ಹೆಸರನ್ನು ಅಕ್ಷರ ಅಕ್ಷರವಾಗಿ ತೆರೆಯ ಮೇಲೆ ಇಳಿಸಲು ಹೋದರೆ ‘ಶ’ ಮೊದಲು ಬಂದು ಕೂರುತ್ತದೆ, ಅದರ ವ ಒತ್ತು ಒಂದು ಗಳಿಗೆ ತಡವಾಗಿ ಬೇರೆ ದಿಕ್ಕಿನಿಂದ ಹಾರಿ ಬಂದು ಅಂಟಿಕೊಳ್ಳುತ್ತದೆ. ಯುನಿಕೋಡ್‌ಗೆ ಬದಲಿಸಿಕೊಂಡರೂ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಆಯ್ದುಕೊಳ್ಳದಿದ್ದರೆ ಗುಣಿತಾಕ್ಷರ ಒಡೆಯುತ್ತದೆ. ಕೊನೆಗೆ ಪ್ರತಿ ಅಕ್ಷರವನ್ನೂ ಆಕೃತಿಯಾಗಿ ಬದಲಿಸಿ, ಒತ್ತು, ಕೊಂಬು, ದೀರ್ಘವನ್ನೆಲ್ಲ ಅದರದರ ಮೂಲಾಕ್ಷರಕ್ಕೆ ಕಟ್ಟಿ ಚಲನೆ ಕೊಡಬೇಕು. ಇಂಗ್ಲಿಷಿನಲ್ಲಿ ಅರ್ಧ ಗಂಟೆಯ ಕೆಲಸ ಕನ್ನಡದಲ್ಲಿ ಅರ್ಧ ದಿನ ತಿನ್ನುತ್ತದೆ. ನಮ್ಮ ಊರಿನ ದಿವ್ಯಲಿಂಗೇಶ್ವರ ದೇವಸ್ಥಾನದ ಹೆಸರಾಗಲಿ, ಇಲ್ಲೇ ಹುಟ್ಟಿ ಗೋಸಲ ಚನ್ನಬಸವೇಶ್ವರರ ಶಿಷ್ಯರಾದ ತೋಂಟದ ಸಿದ್ಧಲಿಂಗರ ಹೆಸರಾಗಲಿ, ಒತ್ತಿಲ್ಲದೆ ಬರೆಯಲಾಗುವುದಿಲ್ಲ. ಅಕ್ಷರವನ್ನು ಸರಿಯಾಗಿ ಕೂರಿಸುವುದು ಗೌರವದ ವಿಷಯ, ಅದಕ್ಕೆ ಹಿಡಿಯುವ ಹೊತ್ತು ಹಣದ ವಿಷಯ. ನನ್ನ ಕೊಟೇಶನ್‌ನಲ್ಲಿ ‘ಕನ್ನಡ ಅಕ್ಷರ ಜೋಡಣೆ’ ಅಂತಲೇ ಒಂದು ಸಾಲು ಇರುತ್ತದೆ.

ರೆಂಡರ್ ಹೊತ್ತನ್ನೂ, ಅಂದರೆ ಕಂಪ್ಯೂಟರ್ ಒಂದೊಂದೇ ಫ್ರೇಮನ್ನು ಚಿತ್ರವಾಗಿ ಬಿಡಿಸುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೆಕೆಂಡಿಗೆ 25 ಫ್ರೇಮಿನಂತೆ ಮೂವತ್ತು ಸೆಕೆಂಡಿನ ಜಾಹೀರಾತಿಗೆ 750 ಫ್ರೇಮು. ತ್ರೀಡಿ ಕೆಲಸದಲ್ಲಿ ಒಂದು ಫ್ರೇಮಿಗೆ ಎರಡು ನಿಮಿಷ ಹಿಡಿದರೆ 25 ಗಂಟೆ ಮಷೀನು ಬೇರೇನೂ ಮಾಡದೆ ಉರಿಯುತ್ತಿರಬೇಕು. 500 ವಾಟ್ ಎಳೆಯುವ ಮಷೀನಾದರೆ ಹನ್ನೆರಡೂವರೆ ಯೂನಿಟ್ ಕರೆಂಟು. ನಡುವೆ ಕರೆಂಟು ಹೋದರೆ? ನೇರವಾಗಿ ವಿಡಿಯೊ ಫೈಲಿಗೆ ರೆಂಡರ್ ಹಾಕಿದವನು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಬಿಡಿ ಚಿತ್ರಗಳ ಸಾಲಾಗಿ, ಅಂದರೆ ಪಿಎನ್‌ಜಿ ಸೀಕ್ವೆನ್ಸ್ ಆಗಿ ಹಾಕಿದವನು 412ನೇ ಫ್ರೇಮಿನಲ್ಲಿ ನಿಂತದ್ದನ್ನು ಅಲ್ಲಿಂದಲೇ ಮುಂದುವರಿಸಬಹುದು. ಕೊನೆಗೆ ಎಲ್ಲವನ್ನೂ ವಿಡಿಯೊ ಮಾಡಿಕೊಳ್ಳುವುದು ಕೆಲವೇ ನಿಮಿಷದ ಕೆಲಸ. ಹಳ್ಳಿಯಲ್ಲಿ ಕೂತು ಈ ಕೆಲಸ ಮಾಡುವವರು ಒಳ್ಳೆಯ ಯುಪಿಎಸ್ ಜೊತೆಗೆ ಈ ಅಭ್ಯಾಸವನ್ನೂ ಇಟ್ಟುಕೊಂಡರೆ ಹೇಳಿದ ತಾರೀಖಿಗೆ ಕೆಲಸ ಕೊಡಬಹುದು. ಹೇಳಿದ ತಾರೀಖಿಗೆ ಕೊಟ್ಟವನು ಮಾತ್ರ ಹೇಳಿದ ತಾರೀಖಿಗೆ ದುಡ್ಡು ಕೇಳಬಲ್ಲ.

ಕೇಳುವುದೇ ನಮ್ಮ ಕಡೆ ಕಷ್ಟ. ಪಾರ್ಟಿ ಅಂದರೆ ನೆಂಟರ ನೆಂಟರು, ಇಲ್ಲವೇ ಅಪ್ಪನ ಪರಿಚಯದವರು. ‘ದುಡ್ಡು ಎಲ್ಲಿಗೂ ಓಡೋಗಲ್ಲ ಕನಪ್ಪ, ಬೆಳೆ ಬರ್ಲಿ, ಕೊಡ್ತೀನಿ’ ಅಂದವರ ಮುಖಕ್ಕೆ ಏನು ಹೇಳುವುದು? ಅದಕ್ಕೇ ಆ ಮಾತನ್ನು ಕೆಲಸ ಶುರುವಾಗುವ ಮೊದಲೇ ಆಡಿ ಮುಗಿಸಬೇಕು. ನನ್ನದು ಅರ್ಧ ಅಡ್ವಾನ್ಸ್. ಬ್ಯಾಲೆನ್ಸ್ ಬಂದ ಮೇಲೆ ವಾಟರ್‌ಮಾರ್ಕ್ ಇಲ್ಲದ ಫೈಲು. ಎರಡು ಸುತ್ತು ಕರೆಕ್ಷನ್ ಬೆಲೆಯೊಳಗೇ ಸೇರಿರುತ್ತದೆ, ಮೂರನೆಯದಕ್ಕೆ ಬೇರೆ. ಪ್ರಾಜೆಕ್ಟ್ ಫೈಲ್ ಬೇಕಾದರೆ ಅದಕ್ಕೂ ಬೇರೆ ದರ. ಇದಿಷ್ಟನ್ನೂ ವಾಟ್ಸ್‌ಆ್ಯಪಿನಲ್ಲಿ ಕನ್ನಡದಲ್ಲೇ ಬರೆದು ಕಳಿಸಿ, ‘ಒಪ್ಪಿದೆ’ ಅನ್ನಿಸಿಕೊಂಡ ಮೇಲೆಯೇ ಕಂಪ್ಯೂಟರ್ ಆನ್ ಮಾಡುವುದು. ಹೀಗೆ ಹೇಳಿದ್ದಕ್ಕೆ ಬೇಸರ ಮಾಡಿಕೊಂಡು ಹೋದವರೂ ಇದ್ದಾರೆ. ಅವರ ಜೊತೆ ನೆಂಟಸ್ತಿಕೆ ಉಳಿದಿದೆ. ದುಡ್ಡಿನ ಜಗಳ ಆಗಿದ್ದರೆ ಅದೂ ಉಳಿಯುತ್ತಿರಲಿಲ್ಲ.

ಚುನಾವಣೆಯ ಕೆಲಸಕ್ಕೆ ಮಾತ್ರ ಪೂರ್ತಿ ಮುಂಗಡ. 2023ರ ವಿಧಾನಸಭೆ, 2024ರ ಲೋಕಸಭೆ ಎರಡರಲ್ಲೂ ರಾತ್ರಿಯೆಲ್ಲ ಕೂತು ಪ್ರಚಾರದ ವಿಡಿಯೊ ಮಾಡಿಕೊಟ್ಟ ಹುಡುಗರನ್ನು ಬಲ್ಲೆ. ಫಲಿತಾಂಶ ಬಂದ ಮೇಲೆ ಸೋತವರ ಕಡೆಯವರು ಫೋನ್ ಎತ್ತುವುದಿಲ್ಲ, ಗೆದ್ದವರ ಕಡೆಯವರಿಗೆ ಬಿಡುವಿರುವುದಿಲ್ಲ.

ಊರಿನವರ ಮಾತು ಹೀಗಾದರೆ ಕಂಪನಿಗಳ ದಾರಿ ಬೇರೆ. ‘ಅರವತ್ತು ದಿನದ ಕ್ರೆಡಿಟ್, ನಮ್ಮ ಪಾಲಿಸಿ’ ಅನ್ನುತ್ತಾರೆ. ಇಲ್ಲಿ ಕಾಯ್ದೆ ನಮ್ಮ ಪರವಾಗಿದೆ ಅನ್ನುವುದು ನಮ್ಮ ಜಿಲ್ಲೆಯ ಹುಡುಗರಿಗೆ ಗೊತ್ತೇ ಇಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರದ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಅದು ಕೈಯಲ್ಲಿದ್ದರೆ ಕಾನೂನಿನ ಕಣ್ಣಿಗೆ ನೀವೊಂದು ಮೈಕ್ರೊ ಉದ್ಯಮ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ನಿಮಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಇದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಆದಾಯ ತೆರಿಗೆಯ ಒಂದು ನಿಯಮ, ಹಳೆಯ ಕಾಯ್ದೆಯಲ್ಲಿ ಅದು 43ಬಿ(ಎಚ್) ಆಗಿತ್ತು. ಮೈಕ್ರೊ, ಸಣ್ಣ ಉದ್ಯಮಕ್ಕೆ ಆ ಅವಧಿಯೊಳಗೆ ಹಣ ಕೊಡದಿದ್ದರೆ ಕಂಪನಿ ಆ ಖರ್ಚನ್ನು ತನ್ನ ಲೆಕ್ಕದಲ್ಲಿ ಕಳೆಯುವಂತಿಲ್ಲ. ಯಾವ ವರ್ಷ ಕೊಡುತ್ತದೋ ಆ ವರ್ಷ ಮಾತ್ರ ಕಳೆಯಬಹುದು. ಹಾಗಾಗಿ ಮಾರ್ಚ್ ಬಂತೆಂದರೆ ಅವರ ಅಕೌಂಟೆಂಟೇ ನಮ್ಮ ಬಿಲ್ ಹುಡುಕುತ್ತಾನೆ.

ಬಿಲ್ಲಿನ ಮೇಲ್ಭಾಗದಲ್ಲಿ ಉದ್ಯಮ್ ನಂಬರ್ ಅಚ್ಚಾಗಿರಲಿ, ಕೆಳಗೆ ಹಣ ಕೊಡಬೇಕಾದ ತಾರೀಖು ಇರಲಿ. ಬೆಂಗಳೂರಿನ ಒಂದು ಸಂಸ್ಥೆ ತಿಂಗಳುಗಟ್ಟಲೆ ಸುಮ್ಮನಿದ್ದದ್ದು, ನಾನು ಈ ನಿಯಮವನ್ನು ಎರಡು ಸಾಲಿನಲ್ಲಿ ವಿನಯವಾಗಿ ಬರೆದು ಇಮೇಲ್ ಮಾಡಿದ ವಾರವೇ ಹಣ ಹಾಕಿತು. ಆದರೆ ಊರಿನ ಸಣ್ಣ ಅಂಗಡಿಯವರಿಗೆ, ಮದುವೆ ಮನೆಯವರಿಗೆ ಈ ತೆರಿಗೆ ನಿಯಮದ ಬಿಸಿ ತಟ್ಟುವುದಿಲ್ಲ. ಅಲ್ಲಿಗೆ ಅಡ್ವಾನ್ಸೇ ಕಾಯ್ದೆ.

ಕಂಪನಿಗಳು ಮೊದಲೇ ಹಿಡಿದುಕೊಳ್ಳುವ ತೆರಿಗೆ, ಅಂದರೆ ಟಿಡಿಎಸ್ ಕೂಡ ನನ್ನ ದೃಷ್ಟಿಯಲ್ಲಿ ತಾರೀಖಿನ ಪ್ರಶ್ನೆಯೇ. ವೃತ್ತಿ ಸೇವೆ ಅಂತ ಲೆಕ್ಕ ಹಿಡಿದರೆ ಶೇ 10, ಕಾಂಟ್ರ್ಯಾಕ್ಟ್ ಅಂತ ಹಿಡಿದರೆ ಶೇ 1. 60 ಸಾವಿರದ ಬಿಲ್ಲಿನಲ್ಲಿ 6 ಸಾವಿರ ಕಡಿಮೆ ಬಂತೆಂದು ಕಂಗಾಲಾಗಬೇಕಿಲ್ಲ, ಅದು ನಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರದ ಹತ್ತಿರ ಇರುತ್ತದೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿದರೆ ಕಾಣುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ ತೆರಿಗೆಗೆ ಒಳಪಡುವ ಆದಾಯ 12 ಲಕ್ಷದವರೆಗೆ ಇದ್ದರೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆಯಾಗುವುದರಿಂದ, ನಮ್ಮಂಥ ಬಹುಪಾಲು ಜನರಿಗೆ ಆ ಹಣ ಪೂರ್ತಿ ವಾಪಸ್ ಬರಬೇಕು. ರಿಟರ್ನ್ ಹಾಕಿದರೆ ಮಾತ್ರ ಬರುತ್ತದೆ. ತೆರಿಗೆಯೇ ಇಲ್ಲವಲ್ಲ, ರಿಟರ್ನ್ ಯಾಕೆ ಅನ್ನುವವರು ತಮ್ಮ ದುಡ್ಡನ್ನು ತಾವೇ ಬಿಟ್ಟುಕೊಡುತ್ತಿದ್ದಾರೆ.

ಲೆಕ್ಕಪುಸ್ತಕದ ಹೊರೆ ಇಲ್ಲದ ದಾರಿಯೂ ಇದೆ. 1961ರ ಕಾಯ್ದೆಯಲ್ಲಿ 44ಎಡಿಎ ಆಗಿದ್ದ ನಿಯಮದ ಪ್ರಕಾರ ಕೆಲವು ವೃತ್ತಿಯವರು ಬಂದ ಹಣದ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು. 44ಎಡಿ ಆಗಿದ್ದ ನಿಯಮದ ಪ್ರಕಾರ ವ್ಯಾಪಾರದವರು ಬ್ಯಾಂಕು, ಯುಪಿಐ ಮೂಲಕ ಬಂದದ್ದರ ಶೇ 6, ನಗದಿನ ಶೇ 8 ತೋರಿಸಬಹುದು. ಮೋಷನ್ ಗ್ರಾಫಿಕ್ಸ್ ಇವೆರಡರಲ್ಲಿ ಯಾವುದಕ್ಕೆ ಸೇರುತ್ತದೆ ಅನ್ನುವುದು ನೀವು ಮಾಡುವ ಕೆಲಸದ ಸ್ವರೂಪದ ಮೇಲೆ ನಿಂತಿದೆ. ಸಿನಿಮಾದ ಎಡಿಟರ್, ಕಲಾ ನಿರ್ದೇಶಕರು ವೃತ್ತಿಯ ಪಟ್ಟಿಯಲ್ಲಿದ್ದಾರೆ, ಮೋಷನ್ ಗ್ರಾಫಿಕ್ಸ್ ಅನ್ನುವ ಹೆಸರು ಇಲ್ಲ. ವರ್ಷಕ್ಕೊಮ್ಮೆ ಚಾರ್ಟರ್ಡ್ ಅಕೌಂಟೆಂಟ್‌ಗೆ ಕೊಡುವ ಫೀಸು ಈ ಒಂದು ಪ್ರಶ್ನೆಗೇ ಸಾರ್ಥಕ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಸೆಕ್ಷನ್ ನಂಬರುಗಳು ಬದಲಾಗಿರುವುದರಿಂದ ಹಳೆಯ ನಂಬರು ಹಿಡಿದು ವಾದ ಮಾಡಬೇಡಿ. ಜಿಎಸ್‌ಟಿ ಬಗ್ಗೆ ಇಷ್ಟೇ: ಸೇವೆಯಿಂದ ವರ್ಷಕ್ಕೆ 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ, ಪಾರ್ಟಿ ಕೊಯಮತ್ತೂರಿನವರಾಗಲಿ ವಯನಾಡಿನವರಾಗಲಿ.

ಇನ್ನು ಆಷಾಢ. ಮದುವೆಗಳು ನಿಲ್ಲುತ್ತವೆ, ಇನ್ವಿಟೇಶನ್ ವಿಡಿಯೊದ ಫೋನು ಬರುವುದೇ ಇಲ್ಲ. ಚಾಮರಾಜನಗರದಲ್ಲಿ ಅದೇ ತಿಂಗಳು ಚಾಮರಾಜೇಶ್ವರನ ರಥೋತ್ಸವ. ಆ ವರ್ಷ ಮದುವೆಯಾದ ಜೋಡಿಗಳು ಊರೂರಿನಿಂದ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಆ ಜೋಡಿಗಳಲ್ಲಿ ಕೆಲವರ ವಿಡಿಯೊ ನಾನೇ ಮಾಡಿದ್ದಿರುತ್ತೇನೆ. ಅವರನ್ನು ನೋಡುವುದು ಸಂತೋಷ, ಆದರೆ ಆ ತಿಂಗಳ ದುಡಿಮೆ ತೆಳ್ಳಗೆ. ಅದಕ್ಕೆ ಚೈತ್ರ, ವೈಶಾಖದಲ್ಲಿ ಬಂದದ್ದರಲ್ಲಿ ಮೂರನೇ ಒಂದು ಭಾಗ ಬಂದ ದಿನವೇ ಬೇರೆ ಬ್ಯಾಂಕ್ ಖಾತೆಗೆ ಹೋಗುತ್ತದೆ. ಆ ಖಾತೆಗೆ ಫೋನಿನಲ್ಲಿ ಯುಪಿಐ ಇಟ್ಟುಕೊಂಡಿಲ್ಲ, ಬೇಕಾದರೆ ಬ್ಯಾಂಕಿಗೇ ಹೋಗಬೇಕು. ಆಷಾಢದಲ್ಲಿ ಮನೆ ಖರ್ಚಿಗೆ ಎಂದಿನಂತೆ ದುಡ್ಡು ಕೊಡುವುದು ಆ ಖಾತೆ.

ಕೊನೆಗೆ ಹುಡುಗರು ಕೇಳುವುದು ಮಷೀನಿನ ವಿಷಯ: ಸಾಲ ಮಾಡಿ ದೊಡ್ಡದೇ ತಗೊಳ್ಳಲಾ? ಮುದ್ರಾ ಯೋಜನೆಯಲ್ಲಿ ಶಿಶು ಹಂತದಲ್ಲಿ 50 ಸಾವಿರದವರೆಗೆ, ಕಿಶೋರ ಹಂತದಲ್ಲಿ 5 ಲಕ್ಷದವರೆಗೆ ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ಸಿಗುತ್ತದೆ ಅನ್ನುವುದು ತೆಗೆದುಕೊಳ್ಳಲು ಕಾರಣವಾಗಬಾರದು. ಇಎಂಐಗೆ ಖಚಿತವಾದ ತಾರೀಖಿದೆ, ನಮ್ಮ ವರಮಾನಕ್ಕಿಲ್ಲ. ಬ್ಲೆಂಡರ್ ಪೂರ್ತಿ ಉಚಿತ ಸಾಫ್ಟ್‌ವೇರ್. 2025ರಲ್ಲಿ ಅತ್ಯುತ್ತಮ ಆನಿಮೇಶನ್ ಚಿತ್ರದ ಆಸ್ಕರ್ ಪಡೆದ ಲಾಟ್ವಿಯಾದ ‘ಫ್ಲೋ’ ತಯಾರಾದದ್ದು ಅದರಲ್ಲೇ. ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಇರುವ ಮಷೀನಿನಲ್ಲೇ ಇವನ್ನು ಹಿಡಿದು ಕೆಲಸ ಶುರು ಮಾಡಿ. ಯಾವಾಗ ಬೇರೆ ಖಾತೆಯಲ್ಲಿ ಆರು ತಿಂಗಳ ಇಎಂಐ ಮುಂಚಿತವಾಗಿ ಕೂತಿರುತ್ತದೋ, ಯಾವಾಗ ರೆಂಡರ್ ತಡವಾಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಕೆಲಸ ಬಿಡಬೇಕಾಗುತ್ತದೋ, ಆಗ ಬ್ಯಾಂಕಿಗೆ ಹೋಗಿ. ಹೋಗುವಾಗ ಉದ್ಯಮ್ ಸರ್ಟಿಫಿಕೇಟು, ಎರಡು ವರ್ಷದ ರಿಟರ್ನು, ಖಾತೆಯ ಸ್ಟೇಟ್‌ಮೆಂಟು ಮೂರೂ ಕೈಯಲ್ಲಿರಲಿ. ಮ್ಯಾನೇಜರ್ ಮೊದಲು ಕೇಳುವುದು ಅವನ್ನೇ.