ನಾಣ್ಯದಡಿಯ ಬಿಳುಪು

ಬಣ್ಣದ ಅಂಗಡಿಯಲ್ಲಿ ಟ್ಯೂಬಿನ ಮುಂಭಾಗ ನೋಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ತಿರುಗಿಸಿ ಬೆನ್ನಿನ ಸಣ್ಣಕ್ಷರ ಹುಡುಕುತ್ತೇನೆ. ಪಿವಿ 19, ಪಿಬಿ 15 ಎಂಬಂಥ ಸಂಕೇತವಿದ್ದರೆ ಮಾತು ಮುಂದಕ್ಕೆ. ಇಲ್ಲವಾದರೆ ಟ್ಯೂಬು ಮರಳಿ ಕಪಾಟಿಗೆ. ಹೆಸರು ಕಂಪನಿಯ ಇಷ್ಟ, ಒಳಗಿರುವ ವರ್ಣದ್ರವ್ಯ ಯಾವುದೆಂದು ತಿಳಿಸುವುದು ಸಂಕೇತವೇ.

ಗಮ್ ಪ್ರಿಂಟ್ ಮಾಡುವವರಿಗೆ ಇದು ಯಾಕಿಷ್ಟು ಮುಖ್ಯ? ನಮ್ಮದು ಹಳೆಯ ಕಾಲದ ವಿಧಾನ. 1858ರಲ್ಲೇ ಇಂಗ್ಲೆಂಡಿನ ಜಾನ್ ಪೌನ್ಸಿ ಇಂಥ ಚಿತ್ರಗಳನ್ನು ತೋರಿಸಿದ್ದ. ಗೋಂದಿನ ದ್ರಾವಣಕ್ಕೆ ಜಲವರ್ಣವನ್ನೂ ಪೊಟ್ಯಾಸಿಯಂ ಡೈಕ್ರೋಮೇಟನ್ನೂ ಬೆರೆಸಿ ಕಾಗದಕ್ಕೆ ಬಳಿಯುತ್ತೇವೆ. ಒಣಗಿದ ಮೇಲೆ ಚಿತ್ರದಷ್ಟೇ ದೊಡ್ಡ ನೆಗೆಟಿವ್ ಇಟ್ಟು ಬಿಸಿಲಿಗೆ ಒಡ್ಡುತ್ತೇವೆ. ಬಿಸಿಲು ತಗುಲಿದ ಕಡೆ ಗೋಂದು ಗಟ್ಟಿಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ಉಳಿದದ್ದು ನೀರಿನಲ್ಲಿ ಬಿಟ್ಟುಹೋಗಬೇಕು. (ಡೈಕ್ರೋಮೇಟ್ ಕ್ಯಾನ್ಸರ್ ತರುವ ವಿಷ. ಕೈಗವಸಿಲ್ಲದೆ ಮುಟ್ಟಬೇಡಿ, ಮಿಕ್ಕ ದ್ರಾವಣವನ್ನು ಮೋರಿಗೆ ಸುರಿಯಬೇಡಿ.) ಹಾಗಾಗಿ ಬಣ್ಣ ಇರಬೇಕಾದ ಕಡೆ ಮಾಸದೆ ಇರಬೇಕು, ಇರಬಾರದ ಕಡೆ ಗುರುತೂ ಉಳಿಸದೆ ಹೋಗಬೇಕು. ಮೊದಲನೆಯದಕ್ಕೆ ಲೇಬಲ್ಲಿನಲ್ಲಿ ಉತ್ತರವಿದೆ. ಎರಡನೆಯದಕ್ಕೆ ಇಲ್ಲ.

ಬೆಳಕಿಗೆ ಮಾಸದಿರುವ ಗುಣವನ್ನು ಎಎಸ್‌ಟಿಎಂ ಶ್ರೇಣಿಯಲ್ಲಿ ಅಳೆಯುತ್ತಾರೆ. 1 ಅಥವಾ 2 ಇದ್ದರೆ ತೆಗೆದುಕೊಳ್ಳುತ್ತೇನೆ. ಆದರೂ ಕಣ್ಣಾರೆ ನೋಡುವ ಚಟ. ಬಳಿದ ಪಟ್ಟಿಗಳ ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ ಬೇಸಿಗೆ ಕಳೆಯಲು ಬಿಟ್ಟೆ. ಮಳೆ ಹಿಡಿಯುವ ಹೊತ್ತಿಗೆ ಅಲಿಜರಿನ್ ಕ್ರಿಮ್ಸನ್, ಅಂದರೆ ಪಿಆರ್ 83, ಮುಚ್ಚಿದ ಕಡೆ ದಾಳಿಂಬೆ ಕೆಂಪಾಗಿಯೇ ಇತ್ತು, ತೆರೆದ ಕಡೆ ಪೇಲವ ಗುಲಾಬಿ. ಪಕ್ಕದ ಪಿವಿ 19ರಲ್ಲಿ ಹಾಳೆಯ ಅಂಚು ಎಲ್ಲಿತ್ತೆಂದೇ ತಿಳಿಯಲಿಲ್ಲ. ಆಪರಾ ರೋಸ್ ಎಂಬ ಮಿರುಗುವ ಗುಲಾಬಿಯ ಮಿರುಗಿಗೆ ಕಾರಣ ಹೊಳೆಯುವ ಡೈ, ಅದು ಬೇಗ ಹಾರುತ್ತದೆ. ನಿಜವಾದ ಗ್ಯಾಂಬೋಜ್ ನಮ್ಮ ಮುರುಗಲಿನ ಕುಲದ್ದೇ ಮರದ ಅಂಟು. ನೆಂಟಸ್ತಿಕೆಗೆ ಮನಸೋತರೂ ಅದು ಬೆಳಕಿಗೆ ನಿಲ್ಲುವುದಲ್ಲ.

ಕಲೆಯ ವಿಷಯಕ್ಕೆ ಬಂದರೆ ನನ್ನ ಪರೀಕ್ಷೆ ಸರಳ. ಚಿತ್ರಕ್ಕೆ ಬಳಸುವ ಕಾಗದಕ್ಕೆ ಬಣ್ಣ, ಗೋಂದು, ಡೈಕ್ರೋಮೇಟ್ ಮೂರೂ ಸೇರಿದ ಮಿಶ್ರಣವನ್ನೇ ಬಳಿದು, ಒಣಗಿಸಿ, ಮೇಲೆ ಒಂದು ರೂಪಾಯಿ ನಾಣ್ಯವಿಟ್ಟು ತಾರಸಿಯ ಬಿಸಿಲಿಗಿಡುತ್ತೇನೆ. ಆಮೇಲೆ ಟ್ರೇಯ ನೀರಿನಲ್ಲಿ ಮುಖ ಕೆಳಗಾಗಿ ತೇಲಿಬಿಡುತ್ತೇನೆ. ಮೊದಲು ನೀರಿಗೆ ಕಿತ್ತಳೆ ಬಣ್ಣ ಇಳಿಯುತ್ತದೆ, ನಂತರ ಬಣ್ಣ ಎಳೆಯೆಳೆಯಾಗಿ ಬಿಡುತ್ತದೆ. ಅರ್ಧ ಗಂಟೆ ಬಿಟ್ಟು ಎತ್ತಿದಾಗ ನಾಣ್ಯವಿದ್ದ ಜಾಗ ಕಾಗದದಷ್ಟೇ ಬಿಳಿಯಾಗಿದ್ದರೆ ಆ ಬಣ್ಣ ನನ್ನದು. ಡೈಕ್ರೋಮೇಟ್ ಬಿಟ್ಟು ಬರೀ ಗೋಂದು-ಬಣ್ಣವನ್ನು ಬಳಿದು ತೊಳೆದು ನೋಡುವ ಪರೀಕ್ಷೆ ಹಳೆಯ ಪುಸ್ತಕಗಳಲ್ಲಿದೆ. ಮಿಶ್ರಣವೇ ಬೇರೆಯಾದ್ದರಿಂದ ಅದನ್ನು ನಾನು ನಂಬುವುದಿಲ್ಲ. ಜಲವರ್ಣದ ಲೇಬಲ್ಲಿನ ‘ಕಲೆ ಹಿಡಿಯುತ್ತದೆ’ ಎಂಬ ಎಚ್ಚರಿಕೆಗೂ ಅಷ್ಟು ಬೆಲೆ ಕೊಡುವುದಿಲ್ಲ. ಕುಂಚದ ಚಿತ್ರದಲ್ಲಿ ಕಾಗದಕ್ಕೆ ಕಚ್ಚಿಕೊಳ್ಳುವ ಥ್ಯಾಲೋ ನೀಲಿ, ಗೋಂದು ಸಾಕಷ್ಟಿದ್ದರೆ ನನ್ನ ಕೈಯಲ್ಲಿ ಚೊಕ್ಕವಾಗಿ ಬಿಟ್ಟಿದೆ.

ಹಾಗೆಂದು ಎಲ್ಲ ಕಲೆಯೂ ಬಣ್ಣದ ತಪ್ಪಲ್ಲ. ಚಿತ್ರದಲ್ಲಿರುವ ಅಜ್ಜನೊಬ್ಬರ ಬಿಳಿ ಪಂಚೆಯ ಮೇಲೆ ಹಳದಿ ಮಿಶ್ರಿತ ಕಂದು ಮಬ್ಬು ಉಳಿದರೆ ಅದು ಡೈಕ್ರೋಮೇಟಿನದು. ತೆಳು ಮೆಟಾಬೈಸಲ್ಫೈಟ್ ದ್ರಾವಣದಲ್ಲಿ ಹೋಗುತ್ತದೆ. (ಅಲ್ಟ್ರಾಮರೀನ್ ಇದ್ದರೆ ಜಾಗ್ರತೆ, ಅದಕ್ಕೆ ಆಮ್ಲ ಆಗುವುದಿಲ್ಲ.) ಪಂಚೆ ಗುಲಾಬಿಯಾದರೆ ಮಾತ್ರ ಬಣ್ಣ ಕಚ್ಚಿದೆ ಎಂದರ್ಥ. ಆಗಲೂ ಟ್ಯೂಬನ್ನು ಬೈಯುವ ಮೊದಲು ಕಾಗದ ನೋಡುತ್ತೇನೆ. ಬಟ್ಟೆಗೆ ಗಂಜಿ ಹಾಕಿದ ಹಾಗೆ ಕಾಗದಕ್ಕೆ ಜೆಲಟಿನ್ ಲೇಪ ಸರಿಯಾಗಿ ಕೂತಿಲ್ಲದಿದ್ದರೆ ನಾರಿನೊಳಗೆ ಇಳಿದ ಬಣ್ಣ ಯಾವ ನೀರಿಗೂ ಜಗ್ಗದು. ಮಳೆಗಾಲ ಇನ್ನೊಂದು ಕಾಟ: ತೇವದ ಗಾಳಿಯಲ್ಲಿ ಬಳಿದ ಪದರ ಕತ್ತಲಲ್ಲಿದ್ದರೂ ತಾನಾಗಿಯೇ ಗಟ್ಟಿಯಾಗತೊಡಗುತ್ತದೆ. ಆಷಾಢದಲ್ಲಿ ಬಳಿದದ್ದನ್ನು ನಾಳೆಗೆ ಉಳಿಸುವುದಿಲ್ಲ.

ಮೂರು ಬಣ್ಣದ ಚಿತ್ರಕ್ಕೆ ನನ್ನ ಬಳಿ ಈಗ ಪಿವೈ 150, ಪಿವಿ 19, ಪಿಬಿ 15 ಇವೆ. ಕಪ್ಪಿಗೆ ಲ್ಯಾಂಪ್ ಬ್ಲ್ಯಾಕ್. ಅದು ಎಂದೂ ಮಾಸುವುದಿಲ್ಲ, ಆದರೆ ಒಂದು ತೊಟ್ಟು ಹೆಚ್ಚಾದರೂ ಬಿಳುಪೆಲ್ಲ ಬೂದಿ. ಹೊಸಬರು ಕೇಳಿದರೆ ಬರ್ಂಟ್ ಅಂಬರ್ ಒಂದನ್ನೇ ಕೊಳ್ಳಿ ಅನ್ನುತ್ತೇನೆ. ಮಣ್ಣಿನ ಬಣ್ಣ, ಬೆಲೆ ಕಡಿಮೆ, ಬಿಸಿಲಿಗೆ ಬಗ್ಗುವುದಿಲ್ಲ, ನೀರಿಗೂ ಸಲೀಸಾಗಿ ಬಿಡುತ್ತದೆ.